ಒಂದು ರೌಂಡ್ ನೋಡ್ಕೊಂಡು ಬರ್ತೀನಿ ಸಾರ್

ಈಗ ಗಂಟೆ ಐದೂ ಕಾಲು. ನನ್ನ ಹಳೇ ಯೆಜ್ಡಿ ಬೈಕು ಟ್ರಯಲ್‌ಗೆ ಹೋಗಿ ಐವತ್ತು ನಿಮಿಷ ಆಯಿತು. ಮೆಕ್ಯಾನಿಕ್ ಅಂಗಡಿಯ ಮುಂದೆ ಹಳೇ ಟೈರಿನ ಮೇಲೆ ರಟ್ಟು ಹಾಕಿಕೊಂಡು ಕೂತು ಮೊಬೈಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಬೇರೆ ಕೆಲಸ ಇಲ್ಲ. ಜಗಳ ಆಡೋಣ ಅಂದ್ರೆ ಆಡಬೇಕಾದವರು ನನ್ನದೇ ಗಾಡಿ ಹತ್ತಿ ಹೋಗಿದ್ದಾರೆ.

ಶುರುವಾದದ್ದು ಸೋಮವಾರ ಸಂಜೆ, ಮೆಟ್ರೋಪೋಲ್ ಸರ್ಕಲ್ ಸಿಗ್ನಲ್‌ನಲ್ಲಿ. ಕೆಂಪು ದೀಪ ಬಿತ್ತು. ಎಲ್ಲರೂ ಗಾಡಿ ನ್ಯೂಟ್ರಲ್ ಮಾಡಿ, ಮೊಬೈಲೋ ಪಕ್ಕದವರ ಹೆಲ್ಮೆಟ್ಟೋ ನೋಡಿಕೊಂಡು ನಿಲ್ಲುವ ಹೊತ್ತು. ನನಗೆ ನ್ಯೂಟ್ರಲ್ ಸಿಗಲಿಲ್ಲ. ಒಂದನೇ ಗೇರಿನಿಂದ ಮೆಲ್ಲಗೆ ಎತ್ತಿದರೆ ಎರಡು. ಎರಡರಿಂದ ಮೆಲ್ಲಗೆ ಒತ್ತಿದರೆ ಒಂದು. ಮಧ್ಯೆ ನ್ಯೂಟ್ರಲ್ ಅಂತ ಒಂದು ಊರು ಇರೋದು ನಿಜ, ಎಷ್ಟೋ ಸಲ ಹೋಗಿ ಬಂದಿದ್ದೇನೆ. ಅವತ್ತು ಮಾತ್ರ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಆ ಊರಲ್ಲಿ ನಿಲ್ಲಿಸದೇ ದಾಟಿಸುತ್ತಿತ್ತು.

ಕ್ಲಚ್ ಪೂರ್ತಿ ಹಿಡಿದಿದ್ದೆ. ಆದರೂ ಗಾಡಿ ಮುಂದೆ ಮುಂದೆ ತೆವಳುತ್ತಿತ್ತು. ಎದುರಿಗೆ ಸ್ಕೂಟರಿನಲ್ಲಿ ಒಬ್ಬ ಕಾಲೇಜು ಹುಡುಗಿ. ನನ್ನ ಚಕ್ರ ಮೊದಲ ಸಲ ಅವಳ ನಂಬರ್ ಪ್ಲೇಟಿಗೆ ತಾಗಿದಾಗ ಗೊತ್ತಾಗಲಿಲ್ಲ. ಎರಡನೇ ಸಲ ತಿರುಗಿ ನೋಡಿದಳು. ಮೂರನೇ ಸಲ, ‘ಅಂಕಲ್, ನ್ಯೂಟ್ರಲ್‌ಗೆ ಹಾಕ್ಕೊಳ್ಳಿ’ ಅಂದಳು. ಇಷ್ಟು ಹೊತ್ತು ನಾನೇನು ವಿಷ್ಣು ಸಹಸ್ರನಾಮ ಓದ್ತಿದ್ದೆನಾ ತಾಯಿ?

ಸಾಕಾಗಿ ಇಂಜಿನ್ ಆಫ್ ಮಾಡಿದೆ. ಆಫ್ ಆದದ್ದೇ ತಡ, ನ್ಯೂಟ್ರಲ್ ತಾನಾಗೇ ಬಂದು ಕೂತಿತು! ಅಷ್ಟರಲ್ಲಿ ಹಸಿರು ದೀಪ. ಹಿಂದಿನಿಂದ ಹಾರನ್. ಯೆಜ್ಡಿ ನೋಡದವರಿಗೆ ಹೇಳಿಬಿಡುತ್ತೇನೆ, ಇದರಲ್ಲಿ ಕಿಕ್ಕರ್ ಬೇರೆ ಗೇರ್ ಲಿವರ್ ಬೇರೆ ಅಂತ ಇಲ್ಲ. ಇರೋದೊಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ವಾಪಸ್ ತಿರುಗಿಸಿದರೆ ಗೇರು. ಮನೆಯಲ್ಲಿ ಆರಾಮಾಗಿ ಮಾಡಿದರೆ ಜನ ನಿಂತು ನೋಡುತ್ತಾರೆ. ಸಿಗ್ನಲ್‌ನಲ್ಲಿ, ಹಿಂದೆ ಸಿಟಿ ಬಸ್ ನಿಂತಿರುವಾಗ ಮಾಡಿದರೆ ಡ್ರೈವರು ನಮ್ಮ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ.

ಮನೆಗೆ ಬಂದೆ. ಮೇಲಿನ ಮನೆಯ ರಿಟೈರ್ಡ್ ಮೇಷ್ಟ್ರು ನೋಡಿದ ಕೂಡಲೇ ‘ಗೇರ್‌ಬಾಕ್ಸ್ ಹೋಗಿದೆ’ ಅಂದರು. ನಮ್ಮನೆ ಮಿಕ್ಸಿ ಕೆಟ್ಟಾಗಲೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದರು. ಆಫೀಸಿನವನು ಎಲೆಕ್ಟ್ರಿಕ್ ಸ್ಕೂಟರ್ ತಗೋ ಅಂದ. ಹೆಂಡತಿ, ‘ನೀವು ಸರಿಯಾಗಿ ಒತ್ತಿರಲ್ಲ ಬಿಡಿ’ ಅಂದಳು.

ನಾನೇ ಕ್ಲಚ್ ಕೇಬಲ್ ಬಿಗಿ ಮಾಡಿದೆ. ನ್ಯೂಟ್ರಲ್ ಒಂದಷ್ಟು ಸುಧಾರಿಸಿತು. ಸರಿ ಅಂತ ಮಾರನೇ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಿಸಿದೆ. ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಬರೀ ಗದ್ದಲ, ಗಾಡಿ ಮಾತ್ರ ಎಳೆಯುತ್ತಿಲ್ಲ. ಅಂದರೆ ಈಗ ಕ್ಲಚ್ ಜಾರುತ್ತಿದೆ. ಕ್ಲಚ್ ಲಿವರಿನಲ್ಲಿ ಎರಡು ಮೂರು ಮಿಲಿಮೀಟರ್ ಆಟ, ಅಂದರೆ ಸಡಿಲ, ಇರಬೇಕು, ನಾನು ಒಂದಿಷ್ಟೂ ಬಿಟ್ಟಿರಲಿಲ್ಲ. ಸಡಿಲ ಮಾಡಿದರೆ ಅಂಟುತ್ತದೆ, ಬಿಗಿ ಮಾಡಿದರೆ ಜಾರುತ್ತದೆ. ಬೆಟ್ಟಕ್ಕೆ ನಡೆದು ಹತ್ತುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ಕನಿಕರದಿಂದ ನೋಡಿ, ಹಿಂದೆ ಹಾಕಿ ಹೋದರು.

ಹಾಗಾಗಿ ಮಂಗಳವಾರ ಮೆಕ್ಯಾನಿಕ್ ಭಾಯ್ ಹತ್ತಿರ ಬಂದೆ.

ಭಾಯ್ ಕೈ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ಒಂದು ಚಾಳಿ. ಕಂಪ್ಲೇಂಟ್ ಕೇಳೋದಿಲ್ಲ. ನಾನು ‘ಕ್ಲಚ್...’ ಅನ್ನುವಷ್ಟರಲ್ಲಿ ಕೈ ಒರೆಸಿಕೊಂಡು, ‘ಒಂದು ರೌಂಡ್ ನೋಡ್ಕೊಂಡು ಬರ್ತೀನಿ ಸಾರ್’ ಅಂತ ಹೊರಟೇಬಿಡುತ್ತಾರೆ. ಮಂಗಳವಾರದ ರೌಂಡು ಇಪ್ಪತ್ತು ನಿಮಿಷ. ಬಂದವರ ಬಾಯಲ್ಲಿ ಎಲೆಅಡಿಕೆ. ‘ಗಾಡಿ ಬೆಣ್ಣೆ ಸಾರ್’ ಅಂದರು. ಬುಧವಾರ ಮೂವತ್ತೈದು ನಿಮಿಷ. ಹ್ಯಾಂಡಲಿಗೆ ಟೊಮೆಟೊ, ಕೊತ್ತಂಬರಿ ಸೊಪ್ಪು, ಹಿಂದಿನ ಸೀಟಿನಲ್ಲಿ ಟ್ಯೂಷನ್ ಬ್ಯಾಗ್ ಹಾಕಿಕೊಂಡ ಅವರ ಮಗ. ಹುಡುಗ ಇಳಿದು ನನಗೆ ಥ್ಯಾಂಕ್ಸ್ ಅಂಕಲ್ ಅಂದ. ಒಳ್ಳೆ ಹುಡುಗ. ಭಾಯ್ ಮಾತ್ರ ಗಂಭೀರವಾಗಿ, ‘ಲೋಡ್ ಹಾಕಿ ನೋಡ್ಬೇಕಿತ್ತು ಸಾರ್, ನೋಡ್ದೆ’ ಅಂದರು. ಲೋಡಿಗೆ ಎರಡು ಕೆಜಿ ಟೊಮೆಟೊ! ಇನ್ನೊಂದು ವಿಷಯ, ಅವರ ಕೈಯಲ್ಲಿ ಗಾಡಿ ಒಂದು ದಿನವೂ ತಕರಾರು ಮಾಡಿಲ್ಲ. ಡಾಕ್ಟರ ಎದುರು ಕೂತ ಕೂಡಲೇ ಕೆಮ್ಮು ನಿಲ್ಲುತ್ತಲ್ಲ, ಹಾಗೆ.

ಗುರುವಾರ ಅವರು ಮೂರನೇ ಟ್ರಯಲ್‌ಗೆ ಹೋಗಿದ್ದಾಗ ಒಬ್ಬ ಹುಡುಗ ಸ್ಪ್ಲೆಂಡರ್ ತಂದು ನಿಲ್ಲಿಸಿದ. ‘ಅಣ್ಣಾ, ಪಿಕಪ್ಪೇ ಇಲ್ಲ. ರೇಸ್ ಕೊಟ್ರೆ ಬರೀ ಸೌಂಡು.’ ನಾನು ಮೆಕ್ಯಾನಿಕ್ ಅಲ್ಲ ಅನ್ನಬೇಕಿತ್ತು. ಟೈರಿನ ಮೇಲೆ ಕೂತಿದ್ದೆ, ಕೈಯಲ್ಲಿ ಅವರದೇ ಸ್ಪ್ಯಾನರ್ ಇತ್ತು, ಸುಮ್ನೆ ಆಡಿಸುತ್ತಿದ್ದೆ. ನಂಬಿಬಿಟ್ಟ. ಎದ್ದು ಹೋಗಿ ಕ್ಲಚ್ ಲಿವರ್ ಮುಟ್ಟಿದೆ. ಆಟವೇ ಇಲ್ಲ, ವೀಣೆ ತಂತಿ ಹಾಗಿದೆ. ಬೆಟ್ಟದಲ್ಲಿ ನಾನು ಮಾಡಿದ್ದ ಅದೇ ಘನಕಾರ್ಯ. ಭಾಯ್ ಥರಾನೇ ಹುಬ್ಬು ಗಂಟು ಹಾಕಿ, ಒಂದು ನಿಮಿಷ ಸುಮ್ಮನಿದ್ದು, ಅಡ್ಜಸ್ಟರ್ ನಾಲ್ಕು ಸುತ್ತು ಒಳಗೆ ಬಿಟ್ಟೆ. ‘ನೋಡ್ಕೊಂಡು ಬಾ ಹೋಗು.’ ಹೋದ, ಹಲ್ಲು ಕಿರಿದುಕೊಂಡು ಬಂದ. ‘ಸೂಪರ್ ಅಣ್ಣಾ! ಎಷ್ಟಾಯ್ತು?’

ಬೇಡ ಅನ್ನೋಣ ಅಂತಲೇ ಬಾಯಿ ತೆರೆದೆ. ಹೊರಗೆ ಬಂದದ್ದು ‘ಐವತ್ತು ಕೊಡು’.

ಇಪ್ಪತ್ತು ವರ್ಷ ಆಫೀಸಿನಲ್ಲಿ ಸಂಬಳ ತಗೊಂಡಿದ್ದೇನೆ, ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಭಾಯ್ ವಾಪಸ್ ಬಂದು ನೋಟು ನೋಡಿ, ‘ಬೋಣಿ ಆಯ್ತಾ ಸಾರ್?’ ಅಂತ ಅದನ್ನು ತಗೊಂಡು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡರು. ಜಾಗ ಅವರದು, ಸ್ಪ್ಯಾನರ್ ಅವರದು, ನ್ಯಾಯವೇ ಇರಬಹುದು. ಈಗಲೂ ಹೊಟ್ಟೆ ಉರಿಯುತ್ತದೆ.

ಆ ಉರಿಯಲ್ಲೇ ತಲೆ ಓಡಿತು. ಯೆಜ್ಡಿಯಲ್ಲಿ ಕೈ ಕ್ಲಚ್ ಹಿಡಿಯದೇ ಗೇರ್ ಹಾಕಬಹುದು. ಗೇರ್ ಲಿವರ್ ಒತ್ತಿದರೆ ಅದೇ ಒಳಗಿಂದ ಕ್ಲಚ್ ಬಿಡಿಸುತ್ತದೆ. ಹಾಗಿದ್ದ ಮೇಲೆ ಕೈ ಲಿವರ್ ಬಿಟ್ಟು, ಕಾಲಿನಲ್ಲೇ ಒತ್ತಿ ಹಿಡಿದು ನೋಡಿದರೆ? ಆಗ ಗಾಡಿ ಸಲೀಸಾದರೆ ತಪ್ಪು ಕೇಬಲ್ಲಿನದು. ಆಗಲೂ ತೆವಳಿದರೆ ಕೇಬಲ್ ಪಾಪ, ರೋಗ ಒಳಗಿದೆ. ನೋಡಿದೆ. ತೆವಳಿತು. ಇಂಜಿನ್ ಆಫ್ ಮಾಡಿದರೆ ನ್ಯೂಟ್ರಲ್ ಥಟ್ಟಂತ ಬೀಳೋದರಿಂದ ಗೇರ್‌ಬಾಕ್ಸಿನದೂ ತಪ್ಪಿಲ್ಲ. ಮೇಷ್ಟ್ರಿಗೆ ಹೇಳಬೇಕು.

ಕಾಲಿನಲ್ಲಿ ಹಾಗೆ ಒತ್ತಿ ಹಿಡಿದಾಗ ಅಪ್ಪ ನೆನಪಾದರು. ಈ ಗಾಡಿ ಅವರದು, 1984ರಲ್ಲಿ ತಗೊಂಡದ್ದು. ಇಲ್ಲೇ ಮೈಸೂರಿನ ಕಾರ್ಖಾನೆಯಲ್ಲೇ ಹುಟ್ಟಿದ್ದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನನ್ನನ್ನು ಟ್ಯಾಂಕ್ ಮೇಲೆ ಕೂರಿಸಿಕೊಂಡು ದೇವರಾಜ ಮಾರ್ಕೆಟ್ಟಿಗೆ ಹೋಗುವಾಗ ಅಪ್ಪನ ಎಡಗೈ ಹ್ಯಾಂಡಲ್ ಮೇಲೆ ಇರುತ್ತಿರಲಿಲ್ಲ. ನನ್ನ ಹೊಟ್ಟೆಯ ಮೇಲೆ ಇರುತ್ತಿತ್ತು. ಗೇರ್ ಮಾತ್ರ ಬದಲಾಗುತ್ತಲೇ ಇತ್ತು. ಅದು ಹೇಗೆ ಅಂತ ಆಗ ಯೋಚಿಸಿರಲಿಲ್ಲ.

ಇವತ್ತು ಬೆಳಿಗ್ಗೆ ಭಾಯ್ ಕ್ಲಚ್ ಬಿಚ್ಚಿದರು. ಸಣ್ಣ ಸಣ್ಣ ಕಾರ್ಕ್ ತುಂಡು ಕೂರಿಸಿದ ಪ್ಲೇಟುಗಳು, ಎಣ್ಣೆ ಕುಡಿದು ಕಪ್ಪಾಗಿದ್ದವು, ಆದರೆ ಗಟ್ಟಿ ಇದ್ದವು. ಕಳ್ಳ ಸಿಕ್ಕಿದ್ದು ಕ್ಲಚ್ ಬೆಲ್‌ನಲ್ಲಿ, ಅಂದರೆ ಆ ಪ್ಲೇಟುಗಳು ಕೂರುವ ಬಟ್ಟಲಿನಲ್ಲಿ. ಪ್ಲೇಟಿನ ಹಲ್ಲುಗಳು ಕೂರುವ ಸಂದಿನ ಗೋಡೆಯಲ್ಲಿ, ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚುಗಳು. ಇಷ್ಟು ವರ್ಷ ಬಡಿದು ಬಡಿದು ಆದದ್ದು. ಕ್ಲಚ್ ಹಿಡಿದಾಗ ಪ್ಲೇಟುಗಳು ಸರಿದು ಬಿಡಿಸಿಕೊಳ್ಳಬೇಕು, ಆ ಕಚ್ಚಿನಲ್ಲಿ ಸಿಕ್ಕಿ ನಿಂತುಬಿಡುತ್ತಿದ್ದವು. ಭಾಯ್ ಅರ ಹಿಡಿದು, ಎರಡು ಗಂಟೆ ಒಂದೊಂದೇ ಸಂದು ಉಜ್ಜಿದರು. ಅವಸರ ಇಲ್ಲ, ಮಾತಿಲ್ಲ. ಜಾಸ್ತಿ ಉಜ್ಜಿದರೂ ಕಷ್ಟ, ಕಮ್ಮಿಯಾದರೂ ಕಷ್ಟ. ಆ ಎರಡು ಗಂಟೆ ನೋಡಿದ ಮೇಲೆ ಟೊಮೆಟೊ ವಿಷಯ ಮನ್ನಾ ಮಾಡಿಬಿಟ್ಟೆ. ಎಲ್ಲ ಜೋಡಿಸಿ, ಹೊಸ ಎಣ್ಣೆ ಹಾಕಿ, ಸ್ಟಾರ್ಟ್ ಮಾಡಿದರು.

‘ಒಂದು ರೌಂಡ್...’

‘ಭಾಯ್, ನಾನೇ ನೋಡ್ತೀನಿ’ ಅನ್ನುವಷ್ಟರಲ್ಲಿ ಬರೀ ಹೊಗೆ ಉಳಿದಿತ್ತು.

ಇರಿ, ಫೋನ್ ಬಂತು. ಭಾಯ್ ಅವರದೇ.

‘ಸಾರ್, ಗಾಡಿ ಏ ಒನ್. ನ್ಯೂಟ್ರಲ್ ಒಂದೇ ಸಲಕ್ಕೆ ಬೀಳ್ತಿದೆ.’

‘ಎಲ್ಲಿದ್ದೀರ ಭಾಯ್?’

‘ನಂಜನಗೂಡು ಸಾರ್. ಪೆಟ್ರೋಲ್ ಖಾಲಿ ಆಗೋಯ್ತು. ಒಂದು ಬಸ್ ಹತ್ತಿ ಬಂದ್ಬಿಡಿ. ಅಂಗಡಿ ಷಟರ್ ಎಳ್ಕೊಂಡು ಬನ್ನಿ ಸಾರ್, ಬೀಗ ಅಲ್ಲೇ ಟೈರ್ ಒಳಗಿದೆ.’

ಎದ್ದು ನೋಡಿದೆ. ಅಲ್ಲೇ ಇದೆ.