ನವನಗರದಲ್ಲಿ ಕೂರಲು ಜಾಗವೆಲ್ಲಿ?

ಬಾಗಲಕೋಟೆಯ ನವನಗರಕ್ಕೆ ಬಂದವರು ಮೊದಲು ಹೊಗಳುವುದು ರಸ್ತೆಗಳನ್ನು. ನಮ್ಮ ಕಡೆ ಇಷ್ಟು ಅಗಲವಾದ, ಇಷ್ಟು ನೇರವಾದ ರಸ್ತೆಗಳು ಇನ್ನೆಲ್ಲಿವೆ ಎಂದು ಕೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಸೆಕ್ಟರಿನಿಂದ ಇನ್ನೊಂದಕ್ಕೆ ಅದೇ ರಸ್ತೆಯಲ್ಲಿ ನಡೆದುಹೋದ ಯಾರೂ ಅದನ್ನು ಹೊಗಳಿದ್ದು ನನಗೆ ನೆನಪಿಲ್ಲ. ಹೊಗಳುವವರೆಲ್ಲ ಕಾರಿನ ಕಿಟಕಿಯಿಂದ ನೋಡಿದವರು.

ಕೆಲಸದ ನಿಮಿತ್ತ ನಾನು ಈಗ ಇರುವುದು ಜರ್ಮನಿಯ ಫ್ರೈಬರ್ಗ್ ನಗರದಲ್ಲಿ, ವೋಬಾನ್ ಎಂಬ ಬಡಾವಣೆಯ ಪಕ್ಕದಲ್ಲಿ. ಸುಸ್ಥಿರ ಬಡಾವಣೆ ಹೇಗಿರಬೇಕು ಎಂದು ಕಲಿಯಲು ಜಗತ್ತಿನ ನಗರ ಯೋಜಕರು ಕ್ಯಾಮೆರಾ ಹಿಡಿದು ಬರುವ ಜಾಗ ಅದು. ಅವರು ಅಲ್ಲಿ ಸೌರಫಲಕಗಳ ಫೋಟೊ ತೆಗೆಯುವುದನ್ನು ನೋಡುವಾಗಲೆಲ್ಲ ನನ್ನ ತಲೆಯಲ್ಲಿ ನವನಗರವೇ ಓಡುತ್ತಿರುತ್ತದೆ. ಹೋಲಿಕೆ ಕೇಳಲು ವಿಚಿತ್ರವಾದರೂ ಅದಕ್ಕೆ ಆಧಾರವಿದೆ. ಎರಡೂ ಸುಮಾರಾಗಿ ಒಂದೇ ಕಾಲದಲ್ಲಿ ನಕ್ಷೆ ಬರೆದು ಕಟ್ಟಿದ ಊರುಗಳು. ವೋಬಾನ್ ಫ್ರೆಂಚ್ ಸೈನ್ಯದ ನೆಲೆಯಾಗಿತ್ತು. 1992ರಲ್ಲಿ ಸೈನ್ಯ ತೆರವು ಮಾಡಿದ ಮೇಲೆ ಆ ಸುಮಾರು 40 ಹೆಕ್ಟೇರ್ ಜಾಗದಲ್ಲಿ ಬಡಾವಣೆ ಎದ್ದಿತು, ಇಂದು ಅಲ್ಲಿ 5,500ರಷ್ಟು ಜನರಿದ್ದಾರೆ. ನವನಗರ ಎದ್ದದ್ದು ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಊರಿಗೆ ನುಗ್ಗುತ್ತದೆ ಎಂದು ಗೊತ್ತಾದ ಮೇಲೆ. ಒಂದು ಕಡೆ ಜನ ಬಯಸಿ ಬಂದರು, ಇನ್ನೊಂದು ಕಡೆ ಮುಳುಗಡೆಯಾಗಿ ಬಂದರು. ಈ ವ್ಯತ್ಯಾಸವನ್ನು ಮರೆತು ಮಾತಾಡುವುದು ಅನ್ಯಾಯ.

ನವನಗರದ ಯೋಜನೆಯ ಹಿಂದೆ ಇದ್ದವರು ಚಾರ್ಲ್ಸ್ ಕೊರಿಯಾ ಎಂಬುದು ನಮ್ಮೂರಿನಲ್ಲೇ ಅನೇಕರಿಗೆ ತಿಳಿಯದು. ಬಿಸಿಲ ನಾಡಿನಲ್ಲಿ ವಾಸವೆಂದರೆ ನಾಲ್ಕು ಗೋಡೆ ಮಾತ್ರವಲ್ಲ. ಮನೆಯ ಅಂಗಳ, ಹೊಸ್ತಿಲ ಮುಂದಿನ ಜಾಗ, ಹೆಂಗಸರು ನೀರು ಹಿಡಿಯುತ್ತ ನಿಲ್ಲುವ ನಲ್ಲಿ ಅಥವಾ ಬಾವಿಯ ಸುತ್ತಲಿನ ಜಾಗ, ಊರ ಮೈದಾನ, ಇವೆಲ್ಲ ಸೇರಿದರೇ ವಾಸ ಎಂದು ವಾದಿಸಿದ ವಾಸ್ತುಶಿಲ್ಪಿ ಅವರು. ಅಂಥವರ ಕೈಯ ಊರಿನಲ್ಲಿ ನನ್ನ ಕಣ್ಣಿಗೆ ಇಂದು ಕಾಣುವುದು ಸೈಟು, ಕಾಂಪೌಂಡ್ ಗೋಡೆ, ರಸ್ತೆ. ಹೊಸ್ತಿಲ ಮುಂದಿನ ಜಾಗ ಕಾಂಪೌಂಡಿನೊಳಗೆ ಸೇರಿತು, ನಲ್ಲಿ ಮನೆಯೊಳಗೆ ಬಂತು (ಅದು ಒಳ್ಳೆಯದೇ ಆಯಿತು, ಕೊಡ ಹೊತ್ತವರನ್ನು ಕೇಳಿ), ಮೈದಾನ ದೂರವಾಯಿತು. ನಡುವೆ ನಾಲ್ಕು ಜನ ನಿಂತು ಮಾತಾಡಲು ಏನೂ ಉಳಿಯಲಿಲ್ಲ.

ಹಳೆಯ ಬಾಗಲಕೋಟೆಯನ್ನು ನಾನು ಸ್ವರ್ಗವೆನ್ನುವುದಿಲ್ಲ. ಗಟಾರದ ವಾಸನೆ, ಎರಡು ಸೈಕಲ್ ಎದುರಾದರೆ ಒಂದು ಗೋಡೆಗೆ ಒರಗಬೇಕಾದ ಸಂದಿಗಳು, ಎಲ್ಲ ಇದ್ದವು. ಆದರೆ ಆ ಇಕ್ಕಟ್ಟಿನಲ್ಲಿ ಒಂದು ಲೆಕ್ಕವಿತ್ತು. ಎತ್ತರದ ಗೋಡೆಗಳ ನೆರಳು ಹಗಲಿನ ಬಹುಪಾಲು ಓಣಿಯ ಮೇಲೇ ಇರುತ್ತಿತ್ತು. ಮನೆಯ ಮುಂದಿನ ಕಟ್ಟೆ ಮನೆಯವರದೂ ಹೌದು, ದಾರಿಹೋಕರದೂ ಹೌದು. ನಮ್ಮೂರಿನ ಹೋಳಿ ನಾಡಿಗೆಲ್ಲ ಗೊತ್ತು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿಯ ಲೆಕ್ಕದಲ್ಲಿ ಹಲಗೆ ಹಿಡಿದು, ಬಂಡಿಗಳಲ್ಲಿ ಬಣ್ಣದ ಪೀಪಾಯಿ ಇಟ್ಟು ಹೊರಡುವ ಹಬ್ಬ ಅದು. ಆ ಹಬ್ಬವನ್ನು ನಡೆಸುತ್ತ ಬಂದವರು ಓಣಿಯ ಕಟ್ಟೆಯ ಮೇಲೆ ವರ್ಷವಿಡೀ ಕೂತು ಪರಸ್ಪರ ಜಗಳವಾಡಿ, ರಾಜಿಯಾಗಿ, ವರ್ಗಣಿ ಎತ್ತಿ ರೂಢಿಯಿದ್ದ ಜನ. ಸೆಕ್ಟರ್ ನಂಬರಿಗೆ ಅಂಥ ಹಲಗೆ ಮೇಳ ಕಟ್ಟಲು ಆಗುತ್ತದೆಯೇ?

ಇನ್ನು ವೋಬಾನ್ ಕಡೆಗೆ. ಅಲ್ಲಿ ನನಗೆ ಮೆಚ್ಚುಗೆಯಾದದ್ದು ಸೌರಫಲಕಗಳಿಗಿಂತ ಕಾರಿನ ವ್ಯವಸ್ಥೆ. ಮನೆ ಬೀದಿಗಳಲ್ಲಿ ಸಾಮಾನು ಇಳಿಸಲು ಕಾರು ಬರಬಹುದು, ಅದೂ ನಡಿಗೆಯ ವೇಗದಲ್ಲಿ; ನಿಲ್ಲಿಸುವಂತಿಲ್ಲ. ಕಾರು ಬೇಕೇ ಬೇಕು ಎನ್ನುವವರು ಬಡಾವಣೆಯ ಅಂಚಿನ ಪಾರ್ಕಿಂಗ್ ಕಟ್ಟಡದಲ್ಲಿ ದುಡ್ಡು ಕೊಟ್ಟು ಜಾಗ ಕೊಳ್ಳಬೇಕು. ಇಲ್ಲದವರು ಕಾರಿಲ್ಲವೆಂದು ಬರೆದುಕೊಡುತ್ತಾರೆ. 2006ರಲ್ಲಿ ಟ್ರಾಂ ಬಂದ ಮೇಲೆ ಅದರ ನಿಲ್ದಾಣ ಹಲವರಿಗೆ ಸ್ವಂತ ಕಾರಿಗಿಂತ ಹತ್ತಿರವಾಯಿತು. ಇದರಿಂದ ರಸ್ತೆಯ ಮಧ್ಯೆ ಮಕ್ಕಳು ಸುಣ್ಣದಕಡ್ಡಿಯಿಂದ ಚಿತ್ರ ಬರೆಯುತ್ತಾರೆ, ತಾಯಂದಿರು ಅಲ್ಲೇ ಬೆಂಚು ಹಾಕಿಕೊಂಡು ಕೂರುತ್ತಾರೆ. ಬ್ಯಾರಕ್ ಕಾಲದ ಮರಗಳನ್ನು ಕಡಿಯದೆ ಅವುಗಳ ಸುತ್ತ ಮನೆ ಕಟ್ಟಿದ್ದಾರೆ. ಹಳೆಯ ಸೈನಿಕ ಕಟ್ಟಡವೊಂದನ್ನು ನಿವಾಸಿಗಳು ಹಟ ಹಿಡಿದು ಉಳಿಸಿಕೊಂಡು ಬಡಾವಣೆಯ ಸಮುದಾಯ ಭವನ ಮಾಡಿಕೊಂಡಿದ್ದಾರೆ. ಅದರ ಮುಂದಿನ ಬಯಲಿನಲ್ಲಿ ವಾರಕ್ಕೊಮ್ಮೆ ರೈತರ ಸಂತೆ.

ಹಾಗೆಂದು ಅಲ್ಲಿಯದೆಲ್ಲ ನಮಗೆ ಬೇಕಿಲ್ಲ. ವೋಬಾನ್ ತುಂಬ ಅಚ್ಚುಕಟ್ಟು, ಸ್ವಲ್ಪ ಜಾಸ್ತಿಯೇ. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದೆಂಬ ನಿಯಮವಿರುವ ದೇಶದಲ್ಲಿ ನಮ್ಮ ಊಟದ ನಂತರದ ಹರಟೆ ಅಪರಾಧವಾಗುತ್ತದೆ. ಮನೆಗಳ ಬೆಲೆಯೂ ಏರಿ, ಈಗ ಅಲ್ಲಿಗೆ ಸೇರುವುದು ಕೈಯಲ್ಲಿ ಕಾಸಿದ್ದವರಿಗೆ ಸಲೀಸು. ಮೇಲಾಗಿ ಅವರು ಬಿಸಿಲಿಗಾಗಿ ಹೊರಗೆ ಬರುವವರು, ನಾವು ಬಿಸಿಲಿಳಿದ ಮೇಲೆ. ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಬಾರದ ನಮ್ಮ ಜಿಲ್ಲೆಯಲ್ಲಿ ಹುಲ್ಲುಹಾಸು ಬೆಳೆಸಿ, ಸುತ್ತ ಕಬ್ಬಿಣದ ಬೇಲಿ ಹಾಕಿ, ಗೇಟಿಗೆ ವೇಳೆ ನಿಗದಿ ಮಾಡುವ ಉದ್ಯಾನದ ಮೋಹ ನನಗೆ ಅರ್ಥವಾಗುವುದಿಲ್ಲ. ಬೇವು, ಹೊಂಗೆ, ಆಲ ನೆಟ್ಟು ಬುಡಕ್ಕೆ ಕಲ್ಲಿನ ಕಟ್ಟೆ ಕಟ್ಟಿದರೆ ಗೇಟೂ ಬೇಡ, ಕಾವಲುಗಾರನೂ ಬೇಡ. ಕಲ್ಲಿಗೇನು ಬರಗಾಲವೇ, ನಮ್ಮ ಜಿಲ್ಲೆಯಲ್ಲಿ!

ನವನಗರದ ಜನ ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು. ಸಂಜೆ ಏಳರ ನಂತರ ಗಿರಮಿಟ್ಟು, ಮಿರ್ಚಿ ಭಜಿಯ ಗಾಡಿಗಳ ಸುತ್ತ ನೋಡಿ. ಸ್ಕೂಟರಿನ ಸೀಟೇ ಕಟ್ಟೆಯಾಗಿ, ಕಾಲೇಜು ಹುಡುಗರು, ಕಚೇರಿ ಬಿಟ್ಟ ನೌಕರರು, ಮಕ್ಕಳನ್ನು ಕರೆತಂದ ಅವ್ವಂದಿರು ಒಂದು ಗಂಟೆ ನಿಲ್ಲುತ್ತಾರೆ. ಯೋಜಕರು ಬಿಟ್ಟದ್ದನ್ನು ಗಾಡಿಯವರು ಮಾಡುತ್ತಿದ್ದಾರೆ. ಅವರನ್ನು ಎಬ್ಬಿಸುವ ಬದಲು ಅಲ್ಲೊಂದು ನಲ್ಲಿ, ಒಂದು ದೀಪ, ಕಸಕ್ಕೊಂದು ತೊಟ್ಟಿ, ಎರಡು ಸಾಲು ಕಲ್ಲುಬೆಂಚು ಕೊಟ್ಟರೆ ಅರ್ಧ ಚೌಕ ಆಗಿಯೇ ಹೋಯಿತು. ಅಗಲ ರಸ್ತೆಯ ಲಾಭ ಇಲ್ಲಿದೆ ನೋಡಿ: ಬೆಂಗಳೂರಿನವರಿಗೆ ಕನಸಿನಲ್ಲೂ ಸಿಗದ ಜಾಗ ನಮ್ಮ ರಸ್ತೆಗಳ ಎರಡೂ ಅಂಚಿನಲ್ಲಿ ಬಿದ್ದಿದೆ.

ಈ ಮಾತು ಈಗ ಎತ್ತಲು ಕಾರಣವಿದೆ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲೇ ಒಪ್ಪಿದೆ. ಅದು ಜಾರಿಯಾದರೆ ಹಳೆಯ ಊರಿನ ಇನ್ನಷ್ಟು ಮನೆಗಳು, ಇನ್ನಷ್ಟು ಹಳ್ಳಿಗಳು ಮುಳುಗಡೆಯ ಪಟ್ಟಿಗೆ ಸೇರುತ್ತವೆ. ಹೊಸ ಬಡಾವಣೆಗಳ ನಕ್ಷೆ ಮತ್ತೆ ಮೇಜಿಗೆ ಬರುತ್ತದೆ. ಪರಿಹಾರದ ಮೊತ್ತದ ಬಗ್ಗೆ ಹೋರಾಡುವವರಿದ್ದಾರೆ, ಹೋರಾಡಲೇಬೇಕು. ಪಕ್ಕದ ಮನೆಯವರ ಬಗ್ಗೆ ಯಾರೂ ಕೇಳುತ್ತಿಲ್ಲ. ಹಿಂದಿನ ಸಲ ನಮ್ಮ ಓಣಿಯವರು ಬೇರೆ ಬೇರೆ ಸೆಕ್ಟರುಗಳಿಗೆ ಚದುರಿದರು. ನಮ್ಮ ಅವ್ವ ಇಪ್ಪತ್ತು ವರ್ಷ ಬೆಳಿಗ್ಗೆ ಎದ್ದು ಮಾತಾಡಿಸುತ್ತಿದ್ದ ಎದುರುಮನೆಯ ಕಾಕೂ ಅವರನ್ನು ಕಾಣಬೇಕೆಂದರೆ ಆಟೊ ಹಿಡಿಯಬೇಕಾಯಿತು.

ವೋಬಾನಿನಲ್ಲಿ ಅನೇಕ ಮನೆಗಳು ಎದ್ದದ್ದು ಹೇಗೆ ಗೊತ್ತೇ? ಹತ್ತಾರು ಕುಟುಂಬಗಳು ಮೊದಲೇ ಗುಂಪು ಕಟ್ಟಿಕೊಂಡು, ಒಟ್ಟಿಗೆ ಜಾಗ ಕೊಂಡು, ಒಬ್ಬನೇ ವಾಸ್ತುಶಿಲ್ಪಿಯನ್ನು ಹಿಡಿದು, ಮೆಟ್ಟಿಲಿನಿಂದ ಅಂಗಳದವರೆಗೆ ಎಲ್ಲವನ್ನೂ ಜಗಳಾಡಿ ನಿರ್ಧರಿಸಿ ಕಟ್ಟಿಸಿದವು. ನೆರೆಯವರು ಮೊದಲು, ಮನೆ ಆಮೇಲೆ. ನಮ್ಮಲ್ಲಿ ಆ ಗುಂಪು ಹೊಸದಾಗಿ ಕಟ್ಟುವ ಕಷ್ಟವೇ ಇಲ್ಲ, ಓಣಿ ಸಿದ್ಧವಾಗಿಯೇ ಇದೆ. ಮುಂದಿನ ಸೈಟು ಹಂಚಿಕೆಯ ಅರ್ಜಿಯಲ್ಲಿ ಇಂತಿಂಥ ಮನೆಯವರು ಅಕ್ಕಪಕ್ಕ ಬೇಕೆಂದು ಒಟ್ಟಾಗಿ ಬರೆದುಕೊಡಲು ಒಂದು ಕಾಲಂ ಇರಲಿ. ಅಂಥ ಪ್ರತಿ ಗುಂಪಿನ ಪಾಲಿಗೆ ನಡುವೆ ಒಂದು ಸೈಟನ್ನು ಖಾಲಿ ಬಿಡಲಿ, ಮನೆಗಳ ಪಾಯ ತೋಡುವ ಮೊದಲೇ ಅಲ್ಲಿ ಒಂದು ಬೇವಿನ ಸಸಿ ನೆಟ್ಟು ನೀರು ಹಾಕಲು ಶುರುಮಾಡಲಿ. ಮನೆ ಮುಗಿಯುವಷ್ಟರಲ್ಲಿ ಅದು ಆಳೆತ್ತರ ಬಂದಿರುತ್ತದೆ. ಕಟ್ಟೆಯ ಖರ್ಚನ್ನು ವರ್ಗಣಿ ಎತ್ತಿ ಓಣಿಯವರೇ ನೋಡಿಕೊಳ್ಳುತ್ತಾರೆ.