ಎರಡನೇ ರೆಕಾರ್ಡಿಂಗ್ ಯಾಕೆ ಬೇಕು?

ಹೆನ್ರಿಯೆಟ್ ಬಾಸ್ಮಾನ್ಸ್ ಹೆಸರು ಕೇಳಿದ್ದೀರಾ? 1895ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಪಿಯಾನೋ ಕಲಾವಿದೆ. ಅಮ್ಮನೂ ಪಿಯಾನೋ ನುಡಿಸುತ್ತಿದ್ದವರು, ಅಪ್ಪ ಚೆಲ್ಲೋ ವಾದಕರು. 1917-18ರಲ್ಲಿ ಹೆನ್ರಿಯೆಟ್ ಪಿಯಾನೋಗೆ ಆರು ಪ್ರಿಲ್ಯೂಡ್, ಅಂದರೆ ಕಿರು ಕೃತಿಗಳನ್ನು ಬರೆದರು. ಒಂದೊಂದೂ ಪುಟ್ಟದು, ಆದರೆ ಎಷ್ಟು ಗಟ್ಟಿ! ನಾನು ನುಡಿಸುವಾಗಲೆಲ್ಲ, ಇದನ್ನು ಜಾಸ್ತಿ ಜನ ಯಾಕೆ ಕೇಳಿಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಡಚ್ ಪಿಯಾನೋ ಸಂಗೀತದಲ್ಲಿ ಇಂಥವು ತುಂಬಾ ಇವೆ. ಅವುಗಳ ರೆಕಾರ್ಡಿಂಗ್ ಹುಡುಕಿದರೆ ಕೆಲವಕ್ಕೆ ಸಿಗುವುದು ಒಂದೋ ಎರಡೋ. ಎಷ್ಟೋ ಜನ ನುಡಿಸಿರುವ ಶೊಪಾನ್ ಕೃತಿಯನ್ನು ಯಾರಾದರೂ ಸಪ್ಪೆಯಾಗಿ ನುಡಿಸಿದರೆ ನಾವು ಇನ್ನೊಬ್ಬರದನ್ನು ಕೇಳುತ್ತೇವೆ. ಇರುವುದೇ ಒಂದಾದರೆ? ಕೃತಿಯೇ ಸಪ್ಪೆ ಅಂದುಕೊಂಡು ಬಿಟ್ಟುಬಿಡುತ್ತೇವೆ, ಅಲ್ವಾ? ಅದಕ್ಕೇ ಮೊದಲನೆಯದಕ್ಕಿಂತ ಎರಡನೇ ರೆಕಾರ್ಡಿಂಗ್ ಮುಖ್ಯ ಅನ್ನುತ್ತೇನೆ. ಆಗಲೇ ಕೃತಿ ಬೇರೆ, ನುಡಿಸಿದವರ ಕೈ ಬೇರೆ ಅಂತ ಕಿವಿಗೆ ಗೊತ್ತಾಗುವುದು.

ಮನೆಯಲ್ಲಿ ಮಾಡಿದ ರೆಕಾರ್ಡಿಂಗ್ ಹಂಚಬಾರದು, ಸ್ಟುಡಿಯೋ ಬೇಕು, ದೊಡ್ಡ ಕಲಾವಿದರೇ ಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾಜಿಗಳು ನೆದರ್‌ಲ್ಯಾಂಡ್ಸ್ ಆಳುತ್ತಿದ್ದಾಗ ಯಹೂದಿ ತಾಯಿಯ ಮಗಳಾದ ಬಾಸ್ಮಾನ್ಸ್‌ಗೆ ವೇದಿಕೆ ಮುಚ್ಚಿತು. ಆಗ ಅವರು ಗುಟ್ಟಾಗಿ ಮನೆಗಳಲ್ಲಿ ನುಡಿಸಿದರು. ಈ ಸಂಗೀತ ಉಳಿದದ್ದೇ ನಡುಮನೆಗಳಲ್ಲಿ. ಇವತ್ತು ನಡುಮನೆಯಿಂದ ಹೊರಟರೆ ಏನು ಕೊರತೆ?

ಬಾಸ್ಮಾನ್ಸ್ ಬದುಕುಳಿದರು. ಲಿಯೋ ಸ್ಮಿಟ್ ಉಳಿಯಲಿಲ್ಲ. ಪ್ಯಾರಿಸ್‌ನಲ್ಲಿ ಕೆಲವು ವರ್ಷ ಇದ್ದು ಬಂದ, ಜಾಝ್ ಮೆಚ್ಚಿದ ಈ ಸಂಗೀತಕಾರ 1940ರಲ್ಲಿ, ಇಬ್ಬರು ಒಂದೇ ಪಿಯಾನೋದಲ್ಲಿ ನುಡಿಸುವ ಡಿವರ್ಟಿಮೆಂಟೋ ಎಂಬ ಲಘು ಕೃತಿ ಬರೆದರು. 1943ರಲ್ಲಿ ಸೋಬಿಬೋರ್ ಎಂಬ ನಾಜಿ ಸಾವಿನ ಶಿಬಿರದಲ್ಲಿ ಅವರನ್ನು ಕೊಂದರು. ಡಿಕ್ ಕಾಟನ್‌ಬರ್ಗ್ ಇನ್ನೂ ಚಿಕ್ಕವನು, 1919ರಲ್ಲಿ ಹುಟ್ಟಿದವನು. 1936ರಲ್ಲಿ, ಹದಿಹರೆಯದಲ್ಲೇ, ಪಿಯಾನೋಗೆ ನಾಲ್ಕು ಕೈ, ಜೊತೆಗೆ ಒಬ್ಬ ಟ್ಯಾಪ್ ಡ್ಯಾನ್ಸರ್ ಬೇಕಾಗುವ ಕೃತಿ ಬರೆದ! ಶೂ ಸದ್ದೇ ಅದರಲ್ಲಿ ತಾಳ. ಎಂಥ ಖುಷಿಯ ಹುಡುಗ ಇರಬೇಕು. ಅವನೂ 1944ರಲ್ಲಿ ನಾಜಿಗಳ ಕೈಯಲ್ಲಿ ಸತ್ತ. ಕೊಳಲು ವಾದಕಿ ಎಲೆಯೊನೋರ ಪಾಮೆಯರ್ 1996ರಲ್ಲಿ ಹುಟ್ಟುಹಾಕಿದ ಲಿಯೋ ಸ್ಮಿಟ್ ಪ್ರತಿಷ್ಠಾನ ಇಂಥವರ ಸಂಗೀತವನ್ನು ಹುಡುಕಿ ಹೊರಗೆ ತರುತ್ತಿದೆ. ಅವರಿಗೆ ಎಷ್ಟು ಕೈ ಮುಗಿದರೂ ಸಾಲದು. ಆದರೆ ಸಂಗೀತ ಕಾಗದದ ಮೇಲಿದ್ದರೆ ಸಾಕಾ? ಯಾರಾದರೂ ನುಡಿಸಬೇಕು.

ಹಕ್ಕುಗಳ ವಿಷಯ ಮಾತ್ರ ಸರಿಯಾಗಿ ನೋಡಿಕೊಳ್ಳಿ. ಅನುಮತಿ ಇಲ್ಲದೆ ಕೃತಿಯನ್ನು ಹಂಚಬೇಕಾದರೆ, ಯುರೋಪಿನ ನಿಯಮದಂತೆ ಅದನ್ನು ಬರೆದವರು ತೀರಿಕೊಂಡು 70 ವರ್ಷ ಕಳೆಯಬೇಕು. ಬಾಸ್ಮಾನ್ಸ್ ತೀರಿಕೊಂಡದ್ದು 1952ರಲ್ಲಿ, ಹಾಗಾಗಿ 2023ರಿಂದ ಅಡ್ಡಿ ಇಲ್ಲ. ಡಚ್ ಚಿತ್ರಕಾರ ಮಾಂಡ್ರಿಯಾನ್ ಚಿತ್ರಗಳಿಂದ ಪ್ರೇರಣೆ ಪಡೆದ ಸಂಗೀತಕಾರ ಯಾಕೋಬ್ ಫಾನ್ ಡೊಮ್ಸೆಲಾರ್ 1960ರವರೆಗೆ ಬದುಕಿದ್ದರು, ಅವರದಕ್ಕೆ ಅನುಮತಿ ಬೇಕು.

ಇನ್ನೊಂದು ಮಾತು. ನಿಮ್ಮ ರೆಕಾರ್ಡಿಂಗ್‌ಗೆ ಸುಮ್ನೆ 'ಚೆಂದದ ಡಚ್ ಪಿಯಾನೋ' ಅಂತ ಹೆಸರು ಕೊಟ್ಟು ಹಾಕಬೇಡಿ. ಬರೆದವರ ಪೂರ್ತಿ ಹೆಸರು, ಕೃತಿಯ ಹೆಸರು, ಎಷ್ಟನೇ ಭಾಗ, ಯಾವ ವರ್ಷ, ಎಲ್ಲ ಬರೆಯಿರಿ. ಹುಡುಕುವವರಿಗೆ ಸಿಗುವುದೇ ಅದರಿಂದ. ಪಿಯಾನೋ ಶ್ರುತಿ ಮಾಡಿಸಿ, ಫೋನನ್ನು ಸ್ವಲ್ಪ ದೂರ ಇಡಿ, ಕೊನೆಯ ಸ್ವರದ ನಾದ ಪೂರ್ತಿ ಇಳಿಯುವವರೆಗೆ ನಿಲ್ಲಿಸಬೇಡಿ.

ಪಿಯಾನೋ ಕಲಿತ ಗೆಳೆಯರೇ, ಬಾಸ್ಮಾನ್ಸ್ ಬರೆದ ಆ ಆರರಲ್ಲಿ ಒಂದು ಪ್ರಿಲ್ಯೂಡ್ ಕೈಗೆತ್ತಿಕೊಳ್ಳಿ, ರೆಕಾರ್ಡ್ ಮಾಡಿ. ನಿಮ್ಮದು ನನ್ನದಕ್ಕಿಂತ ಪೂರ್ತಿ ಬೇರೆ ಥರ ಕೇಳಿಸಿದರೆ ಇನ್ನೂ ಒಳ್ಳೆಯದು.