ಕ್ಯಾಮೆರಾಗಿಂತ ಮೊದಲು ಮೈಕ್

ಸಾಕ್ಷ್ಯಚಿತ್ರ ಮಾಡುವ ವಿದ್ಯಾರ್ಥಿಗಳು ಮೊದಲು ಒಳ್ಳೆಯ ಕ್ಯಾಮೆರಾ ತಗೋಬೇಕು ಎಂದು ಒಂದು ಲೇಖನದಲ್ಲಿ ಓದಿದೆ. ನಾನು ಮೊದಲು ಕಾಲರ್ ಮೈಕ್, ಅಂದರೆ ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್ ಎನ್ನುತ್ತೇನೆ. ಧಾರವಾಡದಲ್ಲಿ ಓದುವಾಗ ಗದಗ-ಬೆಟಗೇರಿಯ ಕೈಮಗ್ಗದ ನೇಕಾರರ ಬಗ್ಗೆ ಚಿತ್ರ ಮಾಡಿದೆವು, ಪೂರ್ತಿ ಮೊಬೈಲ್‌ನಲ್ಲೇ. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದೇ ಇಲ್ಲ. ಹಾಗಂತ ಮಗ್ಗ ನಿಲ್ಲಿಸಿ ಅನ್ನುವುದು ಹೇಗೆ? ಅವರಿಗೆ ಕೂಲಿ ಸಿಗುವುದು ನೇಯ್ದಷ್ಟಕ್ಕೆ ಮಾತ್ರ. ಅದಕ್ಕೇ ಊಟದ ಹೊತ್ತಿನಲ್ಲಿ ಮಾತು ರೆಕಾರ್ಡ್ ಮಾಡಿಕೊಂಡೆವು. ಮಗ್ಗದ ಸದ್ದನ್ನು ಬೇರೆಯಾಗಿ ಹಿಡಿದು, ಎಡಿಟಿಂಗ್‌ನಲ್ಲಿ ಮೆಲ್ಲಗೆ ಕೂಡಿಸಿದೆವು.

ಇನ್ನೊಂದು, ಕಂಡಿಕೆ (ನೇಯಲು ನೂಲು ಸುತ್ತಿಡುವ ಪುಟ್ಟ ಕೊಳವೆ) ಸುತ್ತುವ ಹೆಂಗಸರನ್ನು ಮಾತಾಡಿಸದೆ ಬರಬೇಡಿ. ಕ್ಯಾಮೆರಾ ಯಾವಾಗಲೂ ಮಗ್ಗದ ಕಡೆಗೇ ತಿರುಗುತ್ತದೆ, ಅಲ್ವಾ? ಸಾಲ, ನೂಲಿನ ರೇಟು, ಮಕ್ಕಳ ಓದು ಎಲ್ಲವನ್ನೂ ಬಿಡಿಸಿ ಹೇಳಿದವರು ಅವರೇ. ಚಿತ್ರ ಮುಗಿದ ಮೇಲೆ ಮೊದಲು ಅವರ ಓಣಿಯಲ್ಲೇ ತೋರಿಸಿ. ಅವರು ಬೇಡ ಎಂದ ಮಾತನ್ನು ತೆಗೆದುಬಿಡಿ.